ಟವರ್ ಬೇಡದ ನಂಬರ್

ಹೇರೋಹಳ್ಳಿಯ ಹಿಂದಿನ ಹೊಸ ಬಡಾವಣೆಯಲ್ಲಿ, ಮೂವತ್ತು ನಲವತ್ತರ ನಮ್ಮ ಸೈಟಿನ ಈಶಾನ್ಯ ಮೂಲೆಯಲ್ಲಿ, ಸಂಪಿನ ಬಾಯಿಂದ ಎರಡು ಹೆಜ್ಜೆ ದೂರದಲ್ಲಿ ನಾನು ನಿಂತಿದ್ದೆ. ಮುಖ ಪೂರ್ವಕ್ಕಿತ್ತು. ಎರಡು ಸಾವಿರದ ಏಳನೇ ಇಸವಿ, ಭೀಮನ ಅಮಾವಾಸ್ಯೆ ಕಳೆದ ಮೇಲಿನ ಮೊದಲ ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಅಂದಾಜಿನ ಮೇಲೆ ಹೇಳುತ್ತಿಲ್ಲ, ಮೊಬೈಲಿನಲ್ಲಿ ಗಂಟೆ ನೋಡಿದ್ದೆ. ಗಂಟೆಯ ಪಕ್ಕದಲ್ಲಿ ಸಿಗ್ನಲ್ಲಿನ ಕಡ್ಡಿ ಒಂದೂ ಇರಲಿಲ್ಲ. ಅಲ್ಲಿ ಅದು ಯಾವತ್ತೂ ಇರುತ್ತಿರಲಿಲ್ಲ.

ನಾನು ಆಗ ರಾಜಾಜಿನಗರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ, ವಿಜಯನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಸೈಟಿಗೆ ಬರುತ್ತಿದ್ದುದು ಭಾನುವಾರಗಳಲ್ಲಿ ಮಾತ್ರ. ನಮ್ಮ ಸೈಟು ಇದ್ದದ್ದು ತಗ್ಗಿನಲ್ಲಿ. ಒಂದು ಕಡೆ ನೀಲಗಿರಿ ತೋಪು, ಇನ್ನೊಂದು ಕಡೆ ಹಳೇ ಕಲ್ಲುಕ್ವಾರಿಯ ಗೋಡೆ. ಸಂಪು ತೋಡಿದ ಮಣ್ಣಿನ ಗುಡ್ಡೆ ಹತ್ತಿ ನಿಂತರೆ ಒಂದು ಕಡ್ಡಿ ಬಂದು ಹೋಗುತ್ತಿತ್ತು. ಮೇಸ್ತ್ರಿಯೂ ನಾನೂ ಸರದಿಯ ಮೇಲೆ ಆ ಗುಡ್ಡೆ ಹತ್ತಿ ಮಾತಾಡುತ್ತಿದ್ದೆವು. ಆಷಾಢಕ್ಕೆ ಮೊದಲು ಆ ಮಣ್ಣನ್ನು ಪಾಯದೊಳಕ್ಕೆ ತುಂಬಿಸಿ ಸಮ ಮಾಡಿಸಿದೆ. ಅಲ್ಲಿಗೆ ಆ ಒಂದು ಕಡ್ಡಿಯೂ ಹೋಯಿತು.

ಸಂಪಿನ ಮೇಲಿನ ಸ್ಲ್ಯಾಬ್ ಹಾಕಿದ್ದು ಆಷಾಢ ಹುಟ್ಟುವ ಹಿಂದಿನ ವಾರ. ಒಳಗೆ ಸ್ಲ್ಯಾಬಿಗೆ ಆಧಾರವಾಗಿ ಹಲಗೆಗಳು, ಸರ್ವೆ ಕಂಬಗಳು. ಅವನ್ನು ಮೂರನೆಯ ವಾರಕ್ಕೆ ಬಿಚ್ಚಬೇಕಿತ್ತು. ನಮ್ಮಮ್ಮ ಆಷಾಢದಲ್ಲಿ ಮನೆ ಕೆಲಸ ಕೂಡದು ಎಂದರು. ಮೇಸ್ತ್ರಿಯೂ ಅದಕ್ಕೆ ತಲೆಯಾಡಿಸಿ ಬೇರೆ ಕಡೆ ಕೆಲಸ ಹಿಡಿದ. ಹಸುಗಳು ಬೀಳದಿರಲಿ ಎಂದು ಸಂಪಿನ ಬಾಯಿಗೆ ಕಡಪ ಕಲ್ಲು ಎಳೆದು, ಸುತ್ತ ಮಣ್ಣು ಮೆತ್ತಿ ಹೋದೆವು. ತಿಂಗಳಿಗೂ ಹೆಚ್ಚು ಕಾಲ ಅದು ಹಾಗೇ ಮುಚ್ಚಿತ್ತು. ಒಳಗೆ ಮಳೆನೀರು ಇಳಿದಿತ್ತು, ಮರ ಕೊಳೆಯುತ್ತಿತ್ತು. ಇದರಲ್ಲಿ ಅಪಾಯವಿದೆ ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಸೈಟು ಕಾಯಲು ತಗಡಿನ ಶೆಡ್ಡಿನಲ್ಲಿ ಗಂಡ ಹೆಂಡತಿ ಇದ್ದರು. ಕೊಪ್ಪಳದ ಕಡೆಯವರು. ಆತ ಸೆಂಟ್ರಿಂಗ್, ಎಂದರೆ ಕಾಂಕ್ರೀಟಿಗೆ ಹಲಗೆ ಕಟ್ಟಿ ಬಿಚ್ಚುವ ಕೆಲಸ, ಆಕೆ ಕಲಸುವುದು ಹೊರುವುದು. ಆತನಿಗೆ ಮೂವತ್ತೈದು ಇರಬಹುದು, ಆಕೆಗೆ ಅದಕ್ಕಿಂತ ನಾಲ್ಕೈದು ಕಡಿಮೆ. ಮೇಸ್ತ್ರಿ ಆತನನ್ನು ‘ಕೊಪ್ಪಳ’ ಎಂದೇ ಕರೆಯುತ್ತಿದ್ದ. ನಾನು ‘ನೋಡಪ್ಪ’ ಎನ್ನುತ್ತಿದ್ದೆ. ಆಕೆ ‘ರೀ’ ಎನ್ನುತ್ತಿದ್ದಳು. ಗಂಡನ ಹೆಸರು ಹೇಳುವ ವಾಡಿಕೆ ಅವರಲ್ಲಿರಲಿಲ್ಲ. ಹೀಗಾಗಿ ಮೂರು ತಿಂಗಳಾದರೂ ಆತನ ಹೆಸರು ನನ್ನ ಕಿವಿಗೆ ಬಿದ್ದಿರಲಿಲ್ಲ. ಕೇಳಬೇಕು ಎಂದು ನನಗೂ ಅನಿಸಿರಲಿಲ್ಲ.

ಆಷಾಢದ ಒಂದು ಭಾನುವಾರ ಆತ ಒಂದು ಹಳೇ ಮೊಬೈಲ್ ಕೊಂಡು ತಂದಿದ್ದ. ಊರಿನಲ್ಲಿದ್ದ ತಾಯಿಯ ಜೊತೆ ಮಾತಾಡಲು ಮುಖ್ಯರಸ್ತೆಯ ತನಕ ನಡೆದು ಹೋಗುತ್ತಿದ್ದನಂತೆ. ಆತನಿಗೆ ಅಕ್ಷರ ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು.

“ಸಾವ್ಕಾರ್ರ, ಇದರಾಗ ನಿಮ್ಮ ನಂಬರ್ ಹಾಕಿ ಕೊಡ್ರಿ.”

“ನಾನೆಲ್ಲಿ ಸಾವ್ಕಾರ ಕಣಪ್ಪ,” ಎನ್ನುತ್ತ ನನ್ನದೂ ಮೇಸ್ತ್ರಿಯದೂ ಹಾಕಿದೆ. ಆಗ ನನಗೆ ಆ ಎಸ್ಸೆಮ್ಮೆಸ್ ನೆನಪಾಯಿತು. ಆ ವರ್ಷ ಅದು ಎಲ್ಲರ ಮೊಬೈಲಿಗೂ ಬಂದಿತ್ತು. ನೆಟ್‌ವರ್ಕ್ ಇಲ್ಲದಿದ್ದರೂ, ಕೀಪ್ಯಾಡ್ ಲಾಕ್ ಆಗಿದ್ದರೂ, ಸಿಮ್ಮೇ ಇಲ್ಲದಿದ್ದರೂ 112 ಒತ್ತಿದರೆ ಸಹಾಯ ಬರುತ್ತದೆ, ಹತ್ತು ಜನಕ್ಕೆ ಕಳಿಸಿ ಎಂದಿತ್ತು. ನಾನು ಹತ್ತಕ್ಕಿಂತ ಹೆಚ್ಚು ಜನಕ್ಕೆ ಕಳಿಸಿದ್ದೆ. ಒಮ್ಮೆಯೂ ಒತ್ತಿ ನೋಡಿರಲಿಲ್ಲ.

“ಇದನ್ನ ನೆನಪಿಟ್ಕೋ. ಒಂದು, ಒಂದು, ಎರಡು. ಏನಾದ್ರೂ ಹೆಚ್ಚು ಕಮ್ಮಿ ಆದ್ರೆ ಒತ್ತು. ಇದಕ್ಕೆ ಟವರ್ ಬೇಡ.”

“ಟವರ್ ಬ್ಯಾಡೇನ್ರಿ? ಮತ್ತ ಮಾತು ಹೆಂಗ ಹೊಕ್ಕೈತಿ?”

“ಅದು ಸೀದಾ ಸ್ಯಾಟಲೈಟಿಗೆ ಹೋಗುತ್ತೆ.”

ಸ್ಯಾಟಲೈಟಿನ ಮಾತು ಎಸ್ಸೆಮ್ಮೆಸ್ಸಿನಲ್ಲಿರಲಿಲ್ಲ. ಅದನ್ನು ನಾನೇ ಸೇರಿಸಿದೆ.

ಆತ ಮೇಲೆ ನೋಡಿ ನಕ್ಕ. “ಅಲ್ಲಿ ಎತ್ತಾವರಿಗೆ ನಮ್ಮ ಕನ್ನಡ ತಿಳಿತೈತೇನ್ರಿ? ನಿಮ್ಮ ಮೇಸ್ತ್ರಿಗೇ ತಿಳಿಯಂಗಿಲ್ಲ.”

ಶೆಡ್ಡಿನ ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದ ಆಕೆ ತಲೆಯೆತ್ತದೆ ಅಂದಳು: “ಹೇಣ್ತಿ ಇಲ್ಲೇ ನಿಂತು ಕರದ್ರ ಓ ಅನ್ನಂಗಿಲ್ಲ. ಇವ್ರು ಮುಗಿಲಿಗೆ ಫೋನ್ ಹಚ್ಚತಾರಂತ.”

ಆತ ಆಕೆಯನ್ನು ರೇಗಿಸಲೆಂದೇ ಆ ಮೂರು ಅಂಕಿಗಳನ್ನು ಒತ್ತಿ ಅಳಿಸಿ, ಮತ್ತೆ ಒತ್ತಿ ಅಳಿಸಿ ಮಾಡಿದ. ಕೀಲಿಗಳ ಸದ್ದು ಜೋರಾಗಿತ್ತು. ಮೊದಲಿನ ಎರಡು ಸದ್ದು ಒಂದೇ ತರ, ಮೂರನೆಯದು ಬೇರೆ. ಇದನ್ನು ಬೇಕೆಂದೇ ಇಲ್ಲಿ ಬರೆದಿಟ್ಟಿದ್ದೇನೆ. ಮುಂದೆ ಬೇಕಾಗುತ್ತದೆ.

ಅಮಾವಾಸ್ಯೆ ಕಳೆದ ಆ ಭಾನುವಾರ ಮೇಸ್ತ್ರಿ ಬಂದಿರಲಿಲ್ಲ. ಸಂಪಿನ ಒಳಗಿನ ಹಲಗೆ ಬಿಚ್ಚಿದರೆ ಸೋಮವಾರ ಗಾರೆಯವರು ಬರಬಹುದಿತ್ತು. “ನೀವ್ ನಿಂದರ್ರಿ ಸಾವ್ಕಾರ್ರ, ನಾ ಒಂದ್ ತಾಸಿನ್ಯಾಗ ಮುಗಸ್ತೀನಿ,” ಎಂದು ಆತ ಕಡಪ ಕಲ್ಲನ್ನು ಹಾರೆಯಿಂದ ಸರಿಸಿದ. ಕೆಟ್ಟ ವಾಸನೆ ಬಂತು. ಮೂಗು ಮುಚ್ಚಿಕೊಳ್ಳುವಂಥದ್ದೇನಲ್ಲ, ನೆನೆದ ಗೋಣಿಚೀಲದ ವಾಸನೆ. ಆತ ಮೊಬೈಲನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಇಳಿದ. ಆಕೆ, “ಅದನ್ನಾರ ಮ್ಯಾಲ ಇಡ್ರಿ, ನೀರಾಗ ಬಿದ್ದೀತು,” ಎಂದಳು. “ಇರ್ಲಿ ಬಿಡ, ಬೆಳಕಿಗೆ ಆಗತೈತಿ,” ಎಂದ. ನಾನು ಕೇಳಿದ ಆತನ ಕೊನೆಯ ಮಾತು ಇದು.

ಸಂಪು ಆಳು ಎತ್ತರಕ್ಕಿಂತ ಸ್ವಲ್ಪ ಹೆಚ್ಚು ಆಳ. ಹಾರೆಯ ಪೆಟ್ಟು ನಾಲ್ಕೈದು ಕೇಳಿತು. ಒಂದು ಹಲಗೆ ಮೇಲೆ ಬಂತು, ಆಕೆ ಎಳೆದುಕೊಂಡಳು. ಇನ್ನೊಂದು ಬಂತು, ಅರ್ಧ ಬಂದು ನಿಂತಿತು, ಆಕೆಯೇ ಬಗ್ಗಿ ಎಳೆದಳು. ಆಮೇಲೆ ಹಾರೆ ನೀರಿಗೆ ಬಿದ್ದ ಸದ್ದು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕೀಲಿಗಳ ಸದ್ದು.

ಎರಡು ಒಂದೇ ತರ. ಮೂರನೆಯದು ಇತ್ತೋ ಇಲ್ಲವೋ, ಇದ್ದರೆ ಬೇರೆಯಾಗಿತ್ತೋ, ಪ್ರಮಾಣ ಮಾಡಿ ಹೇಳಲಾರೆ. ಆ ಕ್ಷಣದಲ್ಲಿ ನನಗೆ ಅನಿಸಿದ್ದು, ಇವನು ಕೆಲಸ ಬಿಟ್ಟು ಮೊಬೈಲ್ ಹಿಡಿದುಕೊಂಡನಲ್ಲ ಎಂದು. ಸ್ವಲ್ಪ ಸಿಟ್ಟೂ ಬಂತು. ಆಗಲೇ ನಾನು ಗಂಟೆ ನೋಡಿಕೊಂಡದ್ದು. ಮೊದಲಲ್ಲಿ ಬರೆದ ಹನ್ನೊಂದು ಇಪ್ಪತ್ತು ಅದೇ.

“ರೀ,” ಎಂದಳು ಆಕೆ. “ರೀ, ಇನ್ನೊಂದ್ ಕೊಡ್ರಿ.”

ಆಕೆ ಸಂಪಿನ ಅಂಚಿಗೆ ಮಂಡಿಯೂರಿದಳು.

“ರೀ... ಚಾಷ್ಟಿ ಮಾಡಬ್ಯಾಡ್ರಿ. ಓ ಅನ್ರಿ.”

ನಾನು ಬಗ್ಗಿ ನನ್ನ ಮೊಬೈಲಿನ ಬೆಳಕು ಬಿಟ್ಟೆ. ಮೊಣಕಾಲಿನಷ್ಟು ಕಪ್ಪು ನೀರು. ಆತ ಆ ನೀರಿನಲ್ಲಿ ಕೂತಿದ್ದ. ಬೆನ್ನು ಸರ್ವೆ ಕಂಬಕ್ಕೆ ಒರಗಿತ್ತು, ಗದ್ದ ಎದೆಗೆ ತಾಗಿತ್ತು. ಬಸ್ಸಿನಲ್ಲಿ ನಿದ್ದೆ ಹೋದವರ ಹಾಗೆ. ಬಲಗೈ ನೀರಿನೊಳಗಿತ್ತು.

ಆಕೆ ಸೀರೆ ಎತ್ತಿ ಕಟ್ಟಿ ಕಾಲು ಒಳಗಿಟ್ಟಳು. ನಾನು ಆಕೆಯ ರಟ್ಟೆ ಹಿಡಿದು ಹಿಂದಕ್ಕೆಳೆದೆ. ಏನೋ ಕೆಟ್ಟ ಗಾಳಿ ಇರಬೇಕು ಎಂದು ಆಗ ಹೊಳೆಯಿತು. ಎಡಗೈಯಲ್ಲಿ ಆಕೆಯನ್ನು ಹಿಡಿದುಕೊಂಡೇ ಬಲಗೈಯಲ್ಲಿ 112 ಒತ್ತಿದೆ. ಆಗ ಹನ್ನೊಂದು ಇಪ್ಪತ್ತಮೂರು.

ಪರದೆಯ ಮೇಲೆ ಕರೆ ಹೋಗುತ್ತಿರುವ ಗುರುತು ಬಂತು. ಹಸಿರು ಗೆರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಿತು. ನಾನು ಕಿವಿಗಿಟ್ಟುಕೊಂಡೆ. ಏನೂ ಇಲ್ಲ. ಆಮೇಲೆ ಒಂದು ಸಣ್ಣ ಸದ್ದು, ಕರೆ ಕಡಿದುಹೋಯಿತು.

“ಹತ್ತಲಿಲ್ಲೇನ್ರಿ?”

“ಹತ್ತುತ್ತೆ, ಹತ್ತುತ್ತೆ. ಇರಮ್ಮ.”

ಮತ್ತೆ ಒತ್ತಿದೆ. ತಪ್ಪು ನನ್ನದೇ ಇರಬೇಕು, ಸರಿಯಾಗಿ ಒತ್ತಲಿಲ್ಲ ಎಂದುಕೊಂಡೆ. ಮೂರನೆಯ ಸಲ ಮೊಬೈಲನ್ನು ತಲೆಯ ಮೇಲೆ ಎತ್ತಿ ಹಿಡಿದೆ. ನಾಲ್ಕನೆಯ ಸಲ ಆಫ್ ಮಾಡಿ ಆನ್ ಮಾಡಿದೆ. ಅದು ಆನ್ ಆಗುವಾಗ ಎರಡು ಕೈಗಳು ಬಂದು ಕುಲುಕುವ ಚಿತ್ರ ಬರುತ್ತಿತ್ತು. ಆ ಚಿತ್ರ ಮುಗಿಯುವವರೆಗೂ ಕಾಯ್ದೆ. ಸಿಮ್ ಇಲ್ಲದಿದ್ದರೂ ಆಗುತ್ತದೆ ಎಂದಿತ್ತಲ್ಲ, ಒಂದುವೇಳೆ ಸಿಮ್ಮೇ ಅಡ್ಡ ಬರುತ್ತಿದೆಯೇನೋ ಎಂದು ಆಕೆಯನ್ನು ಬಿಟ್ಟು, ಬ್ಯಾಟರಿ ಬಿಚ್ಚಿ ಸಿಮ್ ತೆಗೆದೆ. ಅದು ಬೆರಳಿನಿಂದ ಜಾರಿ ಮರಳಿನ ರಾಶಿಗೆ ಬಿತ್ತು. ಮಂಡಿಯೂರಿ, ಮರಳಿನಲ್ಲಿ ಉಗುರಿನಷ್ಟಗಲದ ಸಿಮ್ ಹುಡುಕಿದೆ. ಒಬ್ಬ ಮನುಷ್ಯ ನಾಲ್ಕು ಅಡಿ ದೂರದಲ್ಲಿ ನೀರಿನಲ್ಲಿ ಕೂತಿದ್ದಾಗ ನಾನು ಮಾಡಿದ್ದು ಇದನ್ನು.

ಆಕೆ ಸಂಪಿನ ಬಾಯಿಗೆ ಬಾಗಿ “ರೀ, ರೀ” ಎನ್ನುತ್ತಿದ್ದಳು. ಪ್ರತಿ ‘ರೀ’ಯೂ ಒಳಗಿನ ಗೋಡೆಗಳಿಗೆ ಬಡಿದು ದೊಡ್ಡದಾಗಿ ತಿರುಗಿ ಬರುತ್ತಿತ್ತು.

ಯಾಕೆ ಓಡಲಿಲ್ಲ ಎಂದು ಆಮೇಲೆ ಬಹಳ ಜನ ಕೇಳಿದರು. ನಾನು ಹೋದರೆ ಆಕೆ ಇಳಿದುಬಿಡುತ್ತಾಳೆ ಎಂದು ಹೆದರಿದೆ ಎಂದೆ. ಸುಳ್ಳಲ್ಲ. ಆದರೆ ಆ ಕಾರಣ ನಾನು ಆಮೇಲೆ ಹುಡುಕಿಕೊಂಡದ್ದು. ಆ ಹೊತ್ತಿನಲ್ಲಿ ನಾನು ಓಡದೇ ಇದ್ದದ್ದು ಆ ನಂಬರನ್ನು ನಂಬಿದ್ದರಿಂದ. ಇನ್ನೊಂದು ಸಲ ಒತ್ತಿದರೆ ಹತ್ತುತ್ತದೆ ಎಂದು ಪ್ರತಿ ಸಲವೂ ಅನಿಸುತ್ತಿತ್ತು. ನಂಬಿಕೆ ಇಲ್ಲದಿದ್ದರೆ ಎರಡನೆಯ ಸಲಕ್ಕೇ ಬಿಟ್ಟು ಓಡುತ್ತಿದ್ದೆ.

ಸಿಮ್ ಸಿಕ್ಕಿತು. ಹಾಕಿ ಮತ್ತೆ ಒತ್ತಿದೆ. ಆಕೆ ತಿರುಗಿ ನನ್ನನ್ನು ನೋಡಿದಳು. ಅದುವರೆಗೆ ಮುಖ ಎತ್ತಿ ನನ್ನನ್ನು ನೋಡಿ ಮಾತಾಡಿದವಳಲ್ಲ.

“ಅದನ್ನ ಬಿಡ್ರಿ! ಹತ್ತಂಗಿಲ್ಲದು! ಓಡ್ರಿ, ಮಂದಿನ್ನ ಕರೀರಿ!”

“ನೀನು ಇಳೀಬೇಡ—”

“ಇಳಿಯಂಗಿಲ್ಲ. ಓಡ್ರಿ!”

ಓಡಿದೆ. ಏರು ಹತ್ತಿ, ತೋಪು ದಾಟಿದರೆ ಮುಖ್ಯರಸ್ತೆಗೆ ಸೇರುವ ಮಣ್ಣು ದಾರಿಯಲ್ಲಿ ಒಂದು ಚಿಲ್ಲರೆ ಅಂಗಡಿ. ಅಂಗಡಿಯ ಕಟ್ಟೆಯ ಮೇಲೆ ಕೆಂಪು ಕಾಯಿನ್ ಬಾಕ್ಸ್ ಫೋನು. ಆ ದಾರಿಯನ್ನು ಆಮೇಲೆ ನಾನು ಹಲವು ಸಲ ನಡೆದು ನೋಡಿದ್ದೇನೆ. ಓಡಿದರೆ ಎರಡೂವರೆ ನಿಮಿಷ, ನಡೆದರೆ ಐದು.

ಬಂದವನೇ ಜೇಬು ತಡಕಿದೆ. ಒಂದು ರೂಪಾಯಿ ಇರಲಿಲ್ಲ. “ಒಂದ್ರುಪಾಯಿ ಕೊಡಿ ಆಂಟಿ, ಒಂದ್ರುಪಾಯಿ,” ಎಂದು ಕಿರುಚಿದೆ.

ಅಂಗಡಿಯಾಕೆ, “ಯಾರಿಗೆ ಸಾರ್ ಮಾಡ್ಬೇಕು?” ಎಂದರು.

“ಫೈರಿಗೆ. ಸಂಪಲ್ಲಿ ಒಬ್ರು ಬಿದ್ದವ್ರೆ.”

“ಅಯ್ಯೋ, ಅದಕ್ಕೆ ಕಾಸು ಬೇಡ ಸಾರ್. ಸುಮ್ನೆ ಒತ್ತಿ. ನೂರಾ ಒಂದು.”

ಮೊದಲ ರಿಂಗಿಗೇ ಎತ್ತಿದರು. ನಾನು ಹೇಳಿದೆ. ಆ ಕಡೆಯವರು ಸಮಾಧಾನದಿಂದಲೇ ಕೇಳಿದರು: ಯಾವ ಕ್ರಾಸು, ಹತ್ತಿರ ಏನಿದೆ, ಬಿದ್ದವರ ಹೆಸರೇನು. ಕ್ರಾಸುಗಳಿಗೆ ಇನ್ನೂ ಹೆಸರಿರಲಿಲ್ಲ. ಹತ್ತಿರ ಏನೂ ಇರಲಿಲ್ಲ. ಹೆಸರು ನನಗೆ ಗೊತ್ತಿರಲಿಲ್ಲ. “ಒಬ್ಬ ಕೆಲಸದವನು,” ಎಂದೆ.

ಅಲ್ಲೇ ಬೆಂಚಿನ ಮೇಲೆ ನೀರಿನ ಟ್ಯಾಂಕರಿನ ಡ್ರೈವರ್ ಟೀ ಕುಡಿಯುತ್ತಿದ್ದರು. ನನಗಿಂತ ದೊಡ್ಡವರು, ಐವತ್ತರ ಹತ್ತಿರ. ಗ್ಲಾಸು ಇಟ್ಟು ಎದ್ದರು.

“ಹೊಸ ಸಂಪಾ ಸಾರ್? ಎಷ್ಟು ದಿನ ಮುಚ್ಚಿತ್ತು?”

“ಆಷಾಢ ಪೂರ್ತಿ.”

“ಒಳಗೆ ಹಲಗೆ ಇದ್ವಾ?”

“ಇದ್ವು.”

“ಥೂ! ದೀಪ ಬಿಟ್ಟು ನೋಡ್ದೆ ಇಳಿಸ್ತಾರಾ ಸಾರ್? ಹತ್ತಿ, ಹತ್ತಿ ಗಾಡಿ! ದಾರಿ ಆಂಟಿ ಹೇಳ್ತಾರೆ ಬಿಡಿ ಅವ್ರಿಗೆ.”

ಅಂಗಡಿಯಾಕೆ ನನ್ನ ಕೈಯಿಂದ ರಿಸೀವರ್ ಕಿತ್ತುಕೊಂಡರು. ನಾವು ಹೊರಟೆವು.

ಟ್ಯಾಂಕರ್ ತೋಪಿನಿಂದ ಇಳಿಯುವಾಗ ಕೂಗು ಕೇಳಿಸಿತು. ಅದು ‘ರೀ’ ಅಲ್ಲ, ಒಂದು ಹೆಸರು. ಯಾರನ್ನು ಕರೆಯುತ್ತಿದ್ದಾಳೆ, ಅಲ್ಲಿ ಬೇರೆ ಯಾರು ಬಂದರು ಎಂದು ನಾನು ಒಂದು ಗಳಿಗೆ ಯೋಚಿಸಿದೆ. ಆಮೇಲೆ ತಿಳಿಯಿತು. ಆಕೆ ಕೊಟ್ಟ ಮಾತಿನಂತೆ ಇಳಿದಿರಲಿಲ್ಲ. ಸಂಪಿನ ಬಾಯಲ್ಲಿ ಬೋರಲು ಮಲಗಿ, ಭುಜದವರೆಗೆ ಕೈ ಒಳಗೆ ಚಾಚಿ, ಗಂಡನ ಹೆಸರು ಹಿಡಿದು ಕೂಗುತ್ತಿದ್ದಳು. ಆ ಹೆಸರನ್ನು ನಾನು ಮೊದಲು ಕೇಳಿದ್ದು ಹಾಗೆ. ಇಲ್ಲಿ ಬರೆಯುವುದಿಲ್ಲ, ಬರೆಯುವ ಹಕ್ಕು ನನಗಿಲ್ಲ.

ಡ್ರೈವರ್ ಒಂದು ಚಿಂದಿಗೆ ಬೆಂಕಿ ಹಚ್ಚಿ, ತಂತಿಗೆ ಸಿಕ್ಕಿಸಿ ಒಳಗೆ ಬಿಟ್ಟರು. ಅರ್ಧಕ್ಕೆ ಹೋಗುವಷ್ಟರಲ್ಲಿ ಅದು ಆರಿತು. ಟ್ಯಾಂಕರಿನ ಪೈಪು ಬಿಚ್ಚಿ, ಅದರ ಬಾಯಿಗೆ ಬೆರಳು ಅಡ್ಡ ಇಟ್ಟು ಮಳೆಯ ಹಾಗೆ ನೀರು ಸಿಡಿಸಿದರು. ಗಾಳಿ ಕದಡಬೇಕು ಎಂದರು. ಎರಡನೆಯ ಚಿಂದಿ ತಳದವರೆಗೆ ಉರಿಯಿತು. ಆಮೇಲೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಇನ್ನೊಂದು ತುದಿಯನ್ನು ನಮ್ಮಿಬ್ಬರ ಕೈಗೆ ಕೊಟ್ಟು, ಉಸಿರು ಕಟ್ಟಿ ಇಳಿದರು. ಒಂದು ಸಲ ಮೇಲೆ ಬಂದು ಉಸಿರೆಳೆದು ಮತ್ತೆ ಇಳಿದರು. ಆತನ ಕಂಕುಳಿಗೆ ಹಗ್ಗ ಹಾಕಿದರು. ಮೂವರೂ ಸೇರಿ ಎಳೆದೆವು. ಮೇಲೆ ಬಂದಾಗ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಆಕೆ ಸೆರಗಿನಿಂದ ಆತನ ಮುಖದ ಕೆಸರು ಒರೆಸಿದಳು, ಕಿವಿಯೊಳಗಿನದನ್ನೂ ಬಿಡದೆ.

ಫೈರ್ ಗಾಡಿ ಬರುವವರೆಗೆ ಕಾಯಲಿಲ್ಲ. ಇಟ್ಟಿಗೆ ಇಳಿಸಿ ಹೋಗುತ್ತಿದ್ದ ಲಗೇಜ್ ಆಟೋವನ್ನು ಡ್ರೈವರ್ ಅಡ್ಡ ಹಾಕಿ ನಿಲ್ಲಿಸಿದರು. ಹಿಂದೆ ಆತನ ತಲೆ ತೊಡೆಯ ಮೇಲಿಟ್ಟುಕೊಂಡು ಆಕೆ, ಕಾಲು ಹಿಡಿದುಕೊಂಡು ನಾನು. ಮುಖ್ಯರಸ್ತೆ ಸೇರಿದಾಗ ನನ್ನ ಜೇಬು ನಡುಗಿತು. ಎಸ್ಸೆಮ್ಮೆಸ್ಸುಗಳು ಬಂದವು. ತೆಗೆದು ನೋಡಿದರೆ ಕಡ್ಡಿಗಳು ತುಂಬಿ ನಿಂತಿದ್ದವು. ನಾನು 112 ಒತ್ತಿದೆ. ಸಹಾಯಕ್ಕಲ್ಲ, ತಿಳಿದುಕೊಳ್ಳಬೇಕಿತ್ತು.

ಎರಡನೆಯ ರಿಂಗಿಗೆ ಒಬ್ಬ ಹೆಂಗಸು ಎತ್ತಿದರು. “ಪೊಲೀಸ್ ಕಂಟ್ರೋಲ್ ರೂಮ್, ಹೇಳಿ.”

ನಾನು ಮೊಬೈಲನ್ನು ಕಿವಿಯಿಂದ ತೆಗೆದು ಪರದೆ ನೋಡಿದೆ, 112 ಎಂದೇ ಇತ್ತು.

“ಹೇಳಿ ಸಾರ್, ಏನಾಗಿದೆ? ಎಲ್ಲಿಂದ ಮಾತಾಡ್ತಾ ಇದೀರಾ?”

ಗಂಡನ ತಲೆ ಹಿಡಿದಿದ್ದ ಆಕೆ ನನ್ನನ್ನೇ ನೋಡುತ್ತಿದ್ದಳು. ಆ ಕಡೆಯ ದನಿ ಆಕೆಗೂ ಕೇಳಿಸುತ್ತಿತ್ತು. ನಾನು ಕರೆ ಕಡಿದೆ.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಆತನ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಎದೆ ಒತ್ತಿ, ಬಹಳ ಹೊತ್ತು ಒತ್ತಿ, ಕೈ ತೆಗೆದರು. ನಾನು ಅವರನ್ನು ಕಾರಿಡಾರಿನಲ್ಲಿ ಹಿಡಿದೆ.

“ಎಂಟು ನಿಮಿಷ ಮುಂಚೆ ತೆಗೆದಿದ್ರೆ, ಡಾಕ್ಟ್ರೇ?”

ಅವರು ನನ್ನ ಮುಖ ನೋಡಲಿಲ್ಲ. “ಹಾಗೆಲ್ಲ ಹೇಳೋಕಾಗಲ್ಲ. ನೀವು ಸ್ವಲ್ಪ ನೀರು ಕುಡೀರಿ.”

ಎಂಟು ನಿಮಿಷ ಎಂಬುದು ನನ್ನ ಮೊಬೈಲು ಹೇಳಿದ್ದು. ಡಯಲ್ ಮಾಡಿದ ನಂಬರುಗಳ ಪಟ್ಟಿಯಲ್ಲಿ ಅದೇ ನಂಬರಿನ ಮುಂದೆ ಮೊದಲ ಸಮಯ ಹನ್ನೊಂದು ಇಪ್ಪತ್ತಮೂರು, ಸೈಟಿನಲ್ಲಿ ಒತ್ತಿದ್ದರ ಕೊನೆಯದು ಹನ್ನೊಂದು ಮೂವತ್ತೊಂದು. ಠಾಣೆಯಲ್ಲಿ ಹೇಳಿಕೆ ಬರೆದುಕೊಂಡವರು ನನ್ನ ಸ್ಥಿತಿ ನೋಡಿ ಮರುಗಿಯೇ ಬರೆದರು: ‘ಇವರು ಕೂಡಲೇ ಸಹಾಯಕ್ಕಾಗಿ ಕರೆ ಮಾಡಿರುತ್ತಾರೆ.’ ಓದಿ ಹೇಳಿದರು. ಸರಿಯೇ ಎಂದು ಕೇಳಿದರು. ಸರಿ ಎಂದು ಸಹಿ ಹಾಕಿದೆ. ಆ ‘ಕೂಡಲೇ’ ಎಂಬ ಪದ ಸುಳ್ಳಲ್ಲ, ನಿಜವೂ ಅಲ್ಲ. ಅದನ್ನು ತಿದ್ದಲೆಂದೇ ಇದನ್ನು ಬರೆಯಲು ಕೂತೆ.

ಮನೆ ಕಟ್ಟಲಿಲ್ಲ. ಸಂಪಿಗೆ ಮಣ್ಣು ತುಂಬಿಸಿ ಸೈಟು ಮಾರಿದೆ. ಬಂದ ಹಣವನ್ನು ಆಕೆಗೆ ಕೊಡಲು ಅವರ ಊರಿಗೆ ಹೋದಾಗ ಆಕೆಯ ಅತ್ತೆ ತೆಗೆದುಕೊಂಡರು, ಆಕೆ ಒಳಗಿನಿಂದ ಹೊರಗೆ ಬರಲಿಲ್ಲ.

ಆ ದಿನ ಅದನ್ನು ಕಂಡವರಲ್ಲಿ ಅಂಗಡಿಯಾಕೆ ಈಗಿಲ್ಲ. ಲಗೇಜ್ ಆಟೋದವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ಟ್ಯಾಂಕರಿನ ಡ್ರೈವರ್ ಇದ್ದಾರೆ, ಬಾಪೂಜಿ ನಗರದಲ್ಲಿ ಮಗಳ ಮನೆಯಲ್ಲಿ. ಕಣ್ಣು ಮಂಜಾಗಿದೆ, ನೆನಪು ಚೆನ್ನಾಗಿದೆ. ಮೊದಲ ಚಿಂದಿ ಎಲ್ಲಿ ಆರಿತು ಎಂದು ಕೇಳಿದರೆ ಈಗಲೂ ಕೈಯಲ್ಲಿ ಅಳತೆ ತೋರಿಸುತ್ತಾರೆ.

ಆಕೆಯೂ ಇದ್ದಾಳೆ. ಕೆಂಗೇರಿ ಉಪನಗರದ ಒಂದು ಹಾಸ್ಟೆಲಿನಲ್ಲಿ ರೊಟ್ಟಿ ಬಡಿಯುತ್ತಾಳೆ. ಹೋದ ವರ್ಷ ಹುಡುಕಿಕೊಂಡು ಹೋಗಿ, ಅದುವರೆಗೆ ಯಾರಿಗೂ ಹೇಳದ ಒಂದನ್ನು ಕೇಳಿದೆ. ಒಳಗಿನಿಂದ ಕೀಲಿ ಒತ್ತಿದ ಸದ್ದು ನಿನಗೂ ಕೇಳಿಸಿತ್ತಾ, ನಾನು ಹೇಳಿಕೊಟ್ಟ ನಂಬರನ್ನು ಅವನು ಒತ್ತಿದನಾ, ಕೂಗುವುದು ಬಿಟ್ಟು. ಆತನ ಮೊಬೈಲು ನೀರು ಕುಡಿದು ಮತ್ತೆ ಆನ್ ಆಗಿರಲಿಲ್ಲ, ಅದನ್ನು ಕೇಳುವಂತಿರಲಿಲ್ಲ.

ಆಕೆ ಹಿಟ್ಟಿನ ಕೈ ಒರೆಸಿಕೊಂಡಳು. “ಕೇಳಿಸ್ತ್ರಿ,” ಎಂದಳು. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, “ಟೈಮ್ ನೋಡ್ಕೊಂಡಿರಬೇಕ್ರಿ ಅವ್ರು. ಊಟದ್ದು,” ಎಂದಳು.

ಗಂಟೆ ನೋಡಲು ಒಂದು ಕೀಲಿ ಒತ್ತಿದರೆ ಸಾಕು. ಅದು ನನಗೆ ಗೊತ್ತು, ಆಕೆಗೂ ಗೊತ್ತು. ಇಬ್ಬರೂ ಅದನ್ನು ಹೇಳಲಿಲ್ಲ.

ಕಂಡವರಲ್ಲಿ ನನಗೆ ತಿಳಿದು ಬದುಕಿರುವವರು ಹೀಗೆ ಮೂವರು: ಆ ಡ್ರೈವರು, ಆಕೆ, ನಾನು.